ಗಾಡಿ–ಗ್ಯಾರೇಜು: ಆಯಿಲ್ ದೀಪ ಮಿಣುಕಿದಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಡೀಸೆಲ್ ಫೋರ್ ವೀಲ್ ಗಾಡಿಗಳ ಆಯಿಲ್ ಪ್ರೆಷರ್ ಬಗ್ಗೆಯೇ ಇವೆ.

ಜಮಖಂಡಿಯಿಂದ: 2.5 ಲೀಟರ್ ಡೀಸೆಲ್ ಜೀಪು, 1.8 ಲಕ್ಷ ಕಿ.ಮೀ. ಓಡೈತಿ. ಮುಂಜಾನೆ ಏನೂ ತಕರಾರಿಲ್ಲ. ಮಧ್ಯಾಹ್ನ ಹೊಲದಿಂದ ಬಂದು ಸ್ಲೋದಾಗ ನಿಲ್ಲಿಸಿದ್ರ ಆಯಿಲ್ ದೀಪ ಮಿಣಕತೈತಿ, ರೇಸ್ ಕೊಟ್ರ ಆರತೈತಿ. ಫಿಲ್ಟರ್ ಎರಡು ಸಲ ಬದಲಿಸೀನಿ. ಮಿಸ್ತ್ರಿ 20ಡಬ್ಲ್ಯು-50 ಅನ್ನೋ ದಪ್ಪ ಆಯಿಲ್ ಹಾಕೋಣು ಅಂತಾನ. ಹಾಕಬಹುದೇನ್ರಿ?

ಮೂರನೇ ಫಿಲ್ಟರಿಗೆ ದುಡ್ಡು ಸುರಿಯಬೇಡಿ. ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತುವುದು ಅಪರೂಪ. ಫಿಲ್ಟರಿನೊಳಗೋ ಅದು ಕೂರುವ ಹೌಸಿಂಗಿನಲ್ಲೋ ಬೈಪಾಸ್ ವಾಲ್ವ್ ಇರುತ್ತದೆ. ಫಿಲ್ಟರ್ ಕಾಗದದ ಎರಡು ಬದಿಯ ಪ್ರೆಷರ್ ವ್ಯತ್ಯಾಸ ಸುಮಾರು 1 ಬಾರ್ (ಬಾರ್ ಎಂದರೆ ಪ್ರೆಷರಿನ ಅಳತೆ) ಮುಟ್ಟಿದರೆ ಅದು ತೆರೆದು, ಸೋಸದ ಆಯಿಲನ್ನೇ ಬೇರಿಂಗಿಗೆ ಬಿಡುತ್ತದೆ. ಬೇರಿಂಗ್ ಒಣಗುವುದಕ್ಕಿಂತ ಕೊಳೆ ಆಯಿಲಾದರೂ ಸಿಗಲಿ ಎಂಬ ಲೆಕ್ಕ.

ಪಂಪ್ ಆಯಿಲನ್ನು ತಳ್ಳುತ್ತದೆ, ಅಷ್ಟೇ. ಕ್ರ್ಯಾಂಕ್ ಬೇರಿಂಗಿನ ಸಣ್ಣ ಸಂದಿಯಲ್ಲಿ ನುಸುಳಲು ಅದು ಪಡುವ ಅಡ್ಡಿಯೇ ಪ್ರೆಷರ್. ಬೇರಿಂಗ್ ಸವೆದು ಸಂದಿ ಅಗಲವಾಗಿ, ಆಯಿಲ್ ಕಾದು ತೆಳ್ಳಗಾಗಿ, ಸ್ಲೋದಲ್ಲಿ ಪಂಪೂ ನಿಧಾನ ತಿರುಗಿದರೆ ನಿಮ್ಮ ಮಧ್ಯಾಹ್ನದ ದೀಪ ಹತ್ತುತ್ತದೆ. ದೀಪದ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್ ಹತ್ತಿರ ಕೆಲಸ ಮಾಡುತ್ತದೆ. ಅಂದರೆ 3 ಬಾರ್ ಇರಬೇಕಾದ ವೇಗದಲ್ಲಿ ಒಂದೇ ಬಾರ್ ಇದ್ದರೂ ದೀಪ ಆರಿಯೇ ಇರುತ್ತದೆ. ರೇಸ್ ಕೊಟ್ಟಾಗ ಆರಿತೆಂದು ನೆಮ್ಮದಿ ಪಡುವಂತಿಲ್ಲ.

ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಹಾಕದೇ ಮಟ್ಟ ಏರಿದ್ದು, ಡೀಸೆಲ್ ವಾಸನೆ ಬಂದರೆ ಆಯಿಲಿಗೆ ಡೀಸೆಲ್ ಬೆರೆತಿದೆ. ಹಳೆಯ ಎಂಜಿನ್ನಿನಲ್ಲಿ ಫೀಡ್ ಪಂಪಿನ ಡಯಾಫ್ರಂ ಹರಿದು ಚೇಂಬರಿಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಡೀಸೆಲ್ ಸೋರುವುದುಂಟು. ಅದನ್ನು ಸರಿಪಡಿಸದೆ ಯಾವ ಆಯಿಲ್ ಹಾಕಿದರೂ ದಂಡ.

ವಾಸನೆ ಇಲ್ಲವೆಂದರೆ ಗೇಜ್ ಹಾಕಿ ಅಳೆಸಿ. ಆಯಿಲ್ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ 0–10 ಬಾರಿನ ಮೆಕ್ಯಾನಿಕಲ್ ಗೇಜ್ ಕೂರಿಸಬೇಕು. ಬಿಚ್ಚಿದ ಸ್ವಿಚ್ಚನ್ನೇ ಅಂಗಡಿಗೆ ಒಯ್ದು ಅದರ ಆಟೆಗೆ (ತಿರುವಿನ ಗೆರೆಗೆ) ಹೊಂದುವ ಅಡಾಪ್ಟರ್ ತನ್ನಿ. ಹೊಂದದ್ದನ್ನು ಪಾನಾ ಹಾಕಿ ತಿರುವಿದರೆ ಅಲ್ಯುಮಿನಿಯಂ ಹೌಸಿಂಗ್ ಸೀಳುತ್ತದೆ. 20 ನಿಮಿಷ ರಸ್ತೆಯಲ್ಲಿ ಓಡಿಸಿ ಆಯಿಲ್ ಪೂರ್ತಿ ಕಾದ ಮೇಲೆ ಎರಡು ಸಲ ಓದಿ: ಸ್ಲೋದಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ. ಸ್ಲೋದಲ್ಲಿ 1 ಬಾರ್ ಆಸುಪಾಸು, 2,500ಕ್ಕೆ 3 ಬಾರ್ ಮೇಲಿದ್ದರೆ ಹೆಚ್ಚಿನ ಎಂಜಿನ್ನುಗಳಿಗೆ ಸಾಕು. ಕೊನೆಯ ಮಾತು ನಿಮ್ಮ ಗಾಡಿಯ ವರ್ಕ್‌ಶಾಪ್ ಪುಸ್ತಕದ್ದು.

ಗೇಜ್ ಸರಿ ತೋರಿಸಿಯೂ ದೀಪ ಮಿಣುಕುತ್ತಿದ್ದರೆ ಸ್ವಿಚ್ ಅಥವಾ ವೈರ್ ಕೆಟ್ಟಿದೆ, ಅಗ್ಗದಲ್ಲೇ ಮುಗಿಯಿತು. ಸ್ಲೋದಲ್ಲಿ ಮಾತ್ರ ಕಡಿಮೆ ಇದ್ದರೆ ಬೇರಿಂಗ್ ಸವೆತ ಶುರುವಾಗಿದೆ. ಎರಡರಲ್ಲೂ ಕಡಿಮೆಯಿದ್ದರೆ ಚೇಂಬರ್ ಇಳಿಸಿ ಸ್ಟ್ರೇನರ್ (ಪಂಪ್ ಆಯಿಲ್ ಎಳೆಯುವ ಬಾಯಿಯ ಜಾಳಿಗೆ), ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಷರ್ ಬಿಡುವ ವಾಲ್ವ್), ಪಂಪ್ ಈ ಕ್ರಮದಲ್ಲಿ ನೋಡಿಸಿ. ಒಂದು ಸೂಕ್ಷ್ಮ ಗಮನದಲ್ಲಿರಲಿ: ಜೋರು ಓಡಿಸಿದಂತೆ ಮುಳ್ಳು ಇಳಿಯುತ್ತ ಹೋಗಿ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸರಿಯಾದರೆ, ಸ್ಟ್ರೇನರ್ ಜಾಳಿಗೆ ಕಟ್ಟಿಕೊಂಡಿರುವ ಸಂಶಯವೇ ಹೆಚ್ಚು. ಹಿಂದೆ ಯಾರೋ ಚೇಂಬರಿಗೆ ಮೆತ್ತಿದ ಗ್ಯಾಸ್ಕೆಟ್ ಪೇಸ್ಟಿನ ಚೂರುಗಳು ಅಲ್ಲಿಯೇ ಬಂದು ಕೂರುತ್ತವೆ. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಹೆಚ್ಚು ಪ್ರೆಷರಿನ ಡೀಸೆಲ್ ಕೊಡುವ) ಎಂಜಿನ್ನಾದರೆ ಇಂಜೆಕ್ಟರ್ ಬುಡದ ತಾಮ್ರದ ವಾಷರನ್ನೂ ನೋಡಿಸಿ. ಅದು ಸೋರಿದರೆ ಉರಿದ ಗ್ಯಾಸು ಆಯಿಲಿಗೆ ನುಗ್ಗಿ ಡಾಂಬರಿನಂಥ ಮಡ್ಡಿ ಕಟ್ಟುತ್ತದೆ.

ಇನ್ನು 20ಡಬ್ಲ್ಯು-50. ಹಾಕಿದರೆ ದೀಪ ಆರಬಹುದು, ಸಂದಿ ಮುಚ್ಚುವುದಿಲ್ಲ. ಪುಸ್ತಕ ಆ ಗ್ರೇಡನ್ನು ಒಪ್ಪಿದ್ದು, 2,500ರಲ್ಲಿ ಪ್ರೆಷರ್ ಚೆನ್ನಾಗಿದ್ದು, ಈ ಸುಗ್ಗಿ ಮುಗಿದ ಮೇಲೆ ಎಂಜಿನ್ ಬಿಚ್ಚಿಸುವ ಇರಾದೆ ಇದ್ದರೆ ಅಲ್ಲಿತನಕ ಓಡಿಸಿ. ಅಳೆಯದೇ ಹಾಕುವುದು ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ.

ಇಂಡಿಯಿಂದ: ಮುಂಜಾನೆ ಸ್ಟಾರ್ಟ್ ಮಾಡಿದ ಕೂಡಲೇ ಮೂರ್ನಾಲ್ಕು ಸೆಕೆಂಡ್ ಕಟಕಟ ಸದ್ದು, ದೀಪವೂ ತಡವಾಗಿ ಆರುತ್ತದೆ. ಆಮೇಲೆ ಎಲ್ಲ ಸರಿ.

ರಾತ್ರಿ ಫಿಲ್ಟರಿನ ಆಯಿಲ್ ಚೇಂಬರಿಗೆ ಇಳಿದುಹೋಗುತ್ತಿದೆ. ಅದನ್ನು ತಡೆಯಲು ಫಿಲ್ಟರಿನ ಬಾಯಿಯ ಒಳಗೆ ಒಂದು ರಬ್ಬರ್ ಪೊರೆ ಇರುತ್ತದೆ. ಬಿಸಿಗೆ ಅದು ಬಿರುಸಾದರೆ ಮುಚ್ಚಿಕೊಳ್ಳುವುದಿಲ್ಲ. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರುವ ಎಂಜಿನ್ನುಗಳಲ್ಲಿ ಈ ಕಾಟ ಜಾಸ್ತಿ. ರಾತ್ರಿಯೆಲ್ಲ ನಿಂತ ಗಾಡಿಯ ಫಿಲ್ಟರನ್ನು ಸ್ಟಾರ್ಟ್ ಮಾಡುವ ಮೊದಲೇ ಬಿಚ್ಚಿ. ಬರಿದಾಗಿದ್ದರೆ ತಪ್ಪು ಅದರದ್ದೇ. ಸಿಲಿಕೋನ್ ಪೊರೆಯ ಫಿಲ್ಟರ್ ಬಿಸಿಗೆ ಹೆಚ್ಚು ಬಾಳುತ್ತದೆ. ಅದು ಬಹಳ ಸಲ ಕಿತ್ತಳೆ ಬಣ್ಣದ್ದು, ಆದರೆ ಬಣ್ಣ ಯಾವ ರಬ್ಬರಿಗಾದರೂ ಹಾಕಬಹುದು.

ಖಾನಾಪುರದಿಂದ: ಗುಡ್ಡದ ಕಡಿದಾದ ಏರಿನಲ್ಲಿ ದೀಪ ಹತ್ತುತ್ತದೆ, ಸಮತಟ್ಟಿಗೆ ಬಂದರೆ ಆರುತ್ತದೆ. ಒಂದು ಲೀಟರ್ ಹೆಚ್ಚಿಗೆ ಹಾಕಿದರೆ ನಡೆಯುತ್ತದೆಯೇ?

ಬೇಡ. ಏರಿನಲ್ಲಿ ಆಯಿಲ್ ಚೇಂಬರಿನ ಹಿಂಬದಿಗೆ ಸರಿದು ಸ್ಟ್ರೇನರ್ ಗಾಳಿ ಎಳೆಯುತ್ತಿದೆ, ನಿಜ. ಆದರೆ ಮಟ್ಟ ಮೀರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ಮಜ್ಜಿಗೆಯಂತೆ ನೊರೆ ಎಬ್ಬಿಸುತ್ತದೆ, ನೊರೆಯಲ್ಲಿ ಪ್ರೆಷರ್ ನಿಲ್ಲದು. ಹೆಚ್ಚಾದ ಆಯಿಲ್ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ಕೊಳವೆ) ಮೂಲಕ ಇನ್‌ಟೇಕಿಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು, ಚಾವಿ ತೆಗೆದರೂ ನಿಲ್ಲದೆ ಓಡಬಹುದು. ಸಮ ನೆಲದಲ್ಲಿ ನಿಲ್ಲಿಸಿ, 10 ನಿಮಿಷ ಬಿಟ್ಟು ನೋಡಿ, ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿಡಿ. ಕೆಳಗಿನ ಗುರುತಿನಲ್ಲಿ ಓಡಿಸುವವರಿಗೇ ಈ ದೀಪ ಹೆಚ್ಚು ಕಾಣುವುದು. ಏರಿನಲ್ಲಿ ಹತ್ತಿದರೆ ರೇಸ್ ಕೊಡಬೇಡಿ. ಬ್ರೇಕ್ ಹಿಡಿದು ಎಂಜಿನ್ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಿದಾಗ ದೀಪ ಆರಿದರೆ ಲೋ ರೇಂಜ್ (ಫೋರ್ ವೀಲಿನ ನಿಧಾನದ, ಹೆಚ್ಚು ಎಳೆತದ ಗೇರು) ರಿವರ್ಸಿನಲ್ಲಿ ನೇರವಾಗಿ ಹಿಂದಿಳಿಯಿರಿ. ಆರದಿದ್ದರೆ ಗಾಡಿಯನ್ನು ಎಳೆಸಿಕೊಳ್ಳುವುದೇ ದಾರಿ.

ಮುಧೋಳದಿಂದ: ಕಬ್ಬಿನ ಹೊಲದಲ್ಲೇ ಹೆಚ್ಚು ಓಡಾಟ. ಎಷ್ಟು ಕಿ.ಮೀ.ಗೆ ಆಯಿಲ್ ಬದಲಿಸಬೇಕು? ಮನೆಯಲ್ಲೇ ಮಾಡಬಹುದೇ?

ಕಿ.ಮೀ. ಲೆಕ್ಕ ನಿಮಗೆ ಮೋಸ ಮಾಡುತ್ತದೆ. ಲೋ ರೇಂಜಿನಲ್ಲಿ ಗಂಟೆಗೆ 12 ಕಿ.ಮೀ. ಸಾಗಿದರೆ 1,000 ಕಿ.ಮೀ.ಗೆ 83 ಗಂಟೆ ಎಂಜಿನ್ ದುಡಿಯುತ್ತದೆ. ರಸ್ತೆಯಲ್ಲಿ 60ರ ವೇಗಕ್ಕೆ 17 ಗಂಟೆ ಸಾಕು. ಪುಸ್ತಕದಲ್ಲಿರುವ ಅಂತರವನ್ನು ಅರ್ಧಕ್ಕಿಳಿಸಿ, ಪ್ರತಿ ಸಲವೂ ಫಿಲ್ಟರ್ ಬದಲಿಸಿ. ಆಯಿಲ್ ಕಪ್ಪಗಾಯಿತೆಂದು ಮಾತ್ರ ಗಾಬರಿ ಬೇಡ. ಡೀಸೆಲ್ ಮಸಿಯ ಕಣ ಫಿಲ್ಟರ್ ಕಾಗದಕ್ಕೆ ಸಿಗದಷ್ಟು ಸಣ್ಣದು, ಹೊಸ ಆಯಿಲೂ ಕೆಲವೇ ದಿನಕ್ಕೆ ಕಪ್ಪಾಗುತ್ತದೆ.

ಮನೆಯಲ್ಲಿ ಮಾಡುವಾಗ ಎಡವುವುದು ಒಂದೇ ಕಡೆ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಹೌಸಿಂಗಿಗೇ ಅಂಟಿ ಉಳಿಯುವುದುಂಟು. ಗಮನಿಸದೆ ಮೇಲೆ ಹೊಸದನ್ನು ಕೂರಿಸಿದರೆ ಸ್ಲೋದಲ್ಲಿ ಸೋರದೆ ಮೋಸ ಮಾಡಿ, ರೇಸ್ ಕೊಟ್ಟಾಗ ರಿಂಗ್ ಹೊರಗೆ ಚಿಮ್ಮಿ ಆಯಿಲೆಲ್ಲ ನೆಲದ ಪಾಲು. ಬೆರಳಾಡಿಸಿ ನೋಡಿ, ಬಟ್ಟೆಯಿಂದ ಒರೆಸಿ. ಹೊಸ ರಿಂಗಿಗೆ ಆಯಿಲ್ ಸವರಿ, ಕೈಯಿಂದ ತಿರುವಿ ರಿಂಗ್ ತಾಗಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಮುಕ್ಕಾಲು ಸುತ್ತು. ಪಾನಾ ಬೇಡ. ಡ್ರೈನ್ ನಟ್ಟಿನ ವಾಷರ್ ಹೊಸದಿರಲಿ. ಸ್ಟಾರ್ಟ್ ಮಾಡಿ ರೇಸ್ ಕೊಡದೆ ಕಾಯಿರಿ, ಹತ್ತು ಸೆಕೆಂಡಿನೊಳಗೆ ದೀಪ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ. ಟರ್ಬೊ ಇದ್ದರಂತೂ ಆ ಹೊತ್ತಿನಲ್ಲಿ ಎಕ್ಸಲರೇಟರ್ ಮುಟ್ಟಲೇಬೇಡಿ. ಹೊಸ ಫಿಲ್ಟರ್ ಆಯಿಲ್ ಹೀರಿಕೊಳ್ಳುವುದರಿಂದ ಆಮೇಲೆ ಮಟ್ಟ ಮತ್ತೆ ನೋಡಿ ತುಂಬಿಸಿ.

ಬೀಳಗಿಯಿಂದ: ತುಂಬಿದ ಹಳ್ಳ ದಾಟುವಾಗ ಎಂಜಿನ್ ಬಂದ್ ಬಿತ್ತು. ಈಗ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಹಾಕಿದ ಚಹಾದ ಬಣ್ಣ.

ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ತೆಗೆಸಿ, ಕ್ರ್ಯಾಂಕನ್ನು ಕೈಯಿಂದ ತಿರುವಿಸಿ ನೀರು ಹೊರಹಾಕಿಸಿ, ಏರ್ ಫಿಲ್ಟರ್ ಬದಲಿಸಿ. ಆಯಿಲ್ ಪೂರ್ತಿ ಇಳಿಸಿ. ನೀರು ಕುಡಿದ ಫಿಲ್ಟರ್ ಕಾಗದ ಉಬ್ಬಿ ಕಟ್ಟಿಕೊಳ್ಳುವುದರಿಂದ ಅದೂ ಹೋಗಲಿ. ಅದೇ ಗ್ರೇಡಿನ ಕಡಿಮೆ ಬೆಲೆಯ ಆಯಿಲ್, ಹೊಸ ಫಿಲ್ಟರ್ ಹಾಕಿ, ಹತ್ತು ನಿಮಿಷ ಸ್ಲೋದಲ್ಲಿ ಓಡಿಸಿ, ಬಿಸಿ ಇರುವಾಗಲೇ ಮತ್ತೆ ಇಳಿಸಿ. ಬಿಳುಪು ಉಳಿದಿದ್ದರೆ ಇನ್ನೊಮ್ಮೆ. ಕೊನೆಗೆ ಒಳ್ಳೆಯ ಆಯಿಲ್, ಮತ್ತೊಂದು ಹೊಸ ಫಿಲ್ಟರ್. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದಿನ–ಮುಂದಿನ ಡಿಫರೆನ್ಷಿಯಲ್ ಆಯಿಲನ್ನೂ ಅಂದೇ ನೋಡಿಸಿ, ಅವುಗಳ ಬ್ರೀದರಿನಿಂದಲೂ ನೀರು ಒಳಗೆ ಹೋಗಿರಬಹುದು.