ಮುಳ್ಳಿನ ಮಾಪಕವೋ, ಪರದೆಯೋ: ಹಾರಾಟವನ್ನು ಯಾವುದರಲ್ಲಿ ಕಲಿಯಬೇಕು?

ನೀವು ಪೈಲಟ್ ತರಬೇತಿಗೆ ಸೇರಲು ಹೊರಟಿದ್ದೀರಿ. ಒಂದು ಶಾಲೆಯಲ್ಲಿ ದುಂಡು ಮಾಪಕಗಳಿರುವ ಹಳೆಯ ಸೆಸ್ನಾ 172 ಇದೆ. ಇನ್ನೊಂದರಲ್ಲಿ ಅದೇ ವಿಮಾನ, ಆದರೆ ಗಾರ್ಮಿನ್ ಜಿ1000 ಪರದೆಗಳೊಂದಿಗೆ. ‘ಮುಳ್ಳುಗಳಲ್ಲಿ ಕಲಿಯದವನು ಪೈಲಟ್ಟೇ ಅಲ್ಲ’ ಎಂದು ಯಾರೋ ಹೇಳಿದ್ದಾರೆ. ಅದು ಎಷ್ಟು ನಿಜ ಎಂಬುದು ನಿಮ್ಮ ಪ್ರಶ್ನೆ.

ನಾನು ಎರಡು ಬಗೆಯ ವಿಮಾನಗಳಲ್ಲೂ ಕಲಿಸುತ್ತೇನೆ. ಆ ಮಾತಿನಲ್ಲಿ ಹಳಬರ ಜಂಭವೂ ಇದೆ, ಸ್ವಲ್ಪ ಹುರುಳೂ ಇದೆ. ಜಂಭದ ಲೆಕ್ಕವನ್ನು ಮೊದಲು ಮುಗಿಸೋಣ.

ಇಂದು ‘ಸಾಂಪ್ರದಾಯಿಕ’ ಎನಿಸಿಕೊಂಡಿರುವ ಗೈರೊ (ವೇಗವಾಗಿ ತಿರುಗುವ ಚಕ್ರದ) ಮಾಪಕಗಳು ತಮ್ಮ ಕಾಲದಲ್ಲಿ ಹೊಚ್ಚ ಹೊಸ ತಂತ್ರಜ್ಞಾನವಾಗಿದ್ದವು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ತನ್ನ ಆಸನಕ್ಕೆ ಮುಸುಕು ಹಾಕಿಕೊಂಡು, ಹೊರಗೆ ಏನೂ ಕಾಣದೆ, ಮಾಪಕಗಳನ್ನಷ್ಟೇ ನೋಡಿ ವಿಮಾನವನ್ನು ಏರಿಸಿ ಮತ್ತೆ ಇಳಿಸಿದ್ದು ವಿಮಾನದ ವಾಲಿಕೆ ತೋರಿಸುವ ಸ್ಪೆರಿ ಕಂಪನಿಯ ಕೃತಕ ದಿಗಂತ ಮತ್ತು ಕೋಲ್ಸ್‌ಮನ್‌ನ ಸೂಕ್ಷ್ಮ ಎತ್ತರಮಾಪಕಗಳ ಬಲದಿಂದ. ಗಾಳಿಯ ಸದ್ದು ಮತ್ತು ಆಸನದ ಒತ್ತಡದಿಂದಲೇ ವಿಮಾನವನ್ನು ಅರಿಯಬೇಕು ಎನ್ನುತ್ತಿದ್ದ ಆ ಕಾಲದ ಹಿರಿಯರಿಗೆ ಈ ಗೈರೊ ಕೂಡ ಊರುಗೋಲಿನಂತೆಯೇ ಕಂಡಿರಬೇಕು.

ಮುಳ್ಳುಗಳು ಪ್ರಾಮಾಣಿಕ ಎಂಬ ನಂಬಿಕೆಯನ್ನೂ ಬಿಡಿ. ಹಳೆಯ ಸೆಸ್ನಾದಲ್ಲಿ ಕೃತಕ ದಿಗಂತ ಮತ್ತು ದಿಕ್ಕುಸೂಚಕಗಳ ಗೈರೊಗಳನ್ನು ತಿರುಗಿಸುವುದು ಎಂಜಿನ್ನಿಗೆ ಜೋಡಿಸಿದ ನಿರ್ವಾತ ಪಂಪು. ಪಂಪು ಕೆಟ್ಟರೆ ಗೈರೊ ಕೂಡಲೇ ನಿಲ್ಲುವುದಿಲ್ಲ. ವೇಗ ಕಳೆದುಕೊಳ್ಳುತ್ತಾ, ನಿಮಿಷಗಳ ಅವಧಿಯಲ್ಲಿ ಮೆಲ್ಲಗೆ ವಾಲುತ್ತದೆ. ಮೋಡದೊಳಗಿರುವ ಪೈಲಟ್ ವಿಮಾನವೇ ವಾಲಿತೆಂದು ಭಾವಿಸಿ ಅದನ್ನು ಎದುರು ದಿಕ್ಕಿಗೆ ವಾಲಿಸುತ್ತಾನೆ. ಸುಳ್ಳನ್ನು ಹಿಡಿಯಬೇಕಾದರೆ ವಿದ್ಯುತ್ತಿನಿಂದ ನಡೆಯುವ ತಿರುವುಸೂಚಕದೊಂದಿಗೆ ಹೋಲಿಸಿ ನೋಡಬೇಕು. ಜಿ1000ರಲ್ಲಿ ವಾಲಿಕೆಯ ಮಾಹಿತಿ ಕೈಕೊಟ್ಟರೆ ಆ ಜಾಗದ ಮೇಲೆ ದೊಡ್ಡ ಕೆಂಪು ಕತ್ತರಿ ಗುರುತು ಮೂಡುತ್ತದೆ. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಯಂತ್ರವೇ ನನಗೆ ಹೆಚ್ಚು ಇಷ್ಟ. ದಿಕ್ಕುಸೂಚಕವನ್ನು ಹದಿನೈದು ನಿಮಿಷಕ್ಕೊಮ್ಮೆ ಕಾಂತೀಯ ದಿಕ್ಸೂಚಿಗೆ ಹೊಂದಿಸುವ ಕೆಲಸವಾಗಲಿ, ಮೂರು ಮುಳ್ಳಿನ ಎತ್ತರಮಾಪಕವನ್ನು ಸಾವಿರಾರು ಅಡಿ ತಪ್ಪಾಗಿ ಓದುವ ಅಪಾಯವಾಗಲಿ ಪರದೆಯಲ್ಲಿ ಇಲ್ಲ.

ಹಾಗಾದರೆ ಹುರುಳು ಎಲ್ಲಿದೆ? ಕಣ್ಣಿನ ಅಭ್ಯಾಸದಲ್ಲಿ.

ಆರು ದುಂಡು ಮಾಪಕಗಳಲ್ಲಿ ಒಂದೊಂದು ಒಂದೊಂದು ತುಣುಕನ್ನಷ್ಟೇ ಹೇಳುತ್ತದೆ. ವೇಗ ಇಳಿಯುತ್ತಿದೆ, ಎತ್ತರ ಏರುತ್ತಿದೆ, ಹಾಗಾದರೆ ಮೂಗು ಮೇಲಿದೆ ಎಂದು ನೀವೇ ಕೂಡಿಸಿಕೊಳ್ಳಬೇಕು. ಈ ಕೂಡಿಸುವ ಕೆಲಸವೇ ತರಬೇತಿ. ಪರದೆ ಅದನ್ನು ಮೊದಲೇ ಕೂಡಿಸಿ ಬಡಿಸುತ್ತದೆ. ಮುಳ್ಳಿಗೆ ಇನ್ನೊಂದು ಗುಣವಿದೆ: ಅದನ್ನು ಓದಬೇಕಾಗಿಲ್ಲ. ಇಳಿಯುವಾಗ ಅರವತ್ತೈದು ನಾಟ್‌ನಲ್ಲಿ ಮುಳ್ಳು ಎಲ್ಲಿರುತ್ತದೆ ಎಂಬುದು ಒಮ್ಮೆ ಮನಸ್ಸಿನಲ್ಲಿ ಕೂತರೆ ಕಣ್ಣಂಚಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಪರದೆಯ ವೇಗಪಟ್ಟಿಯಲ್ಲಿ ಅಂಕಿಗಳು ಮೇಲೆ ಕೆಳಗೆ ಉರುಳುತ್ತವೆ. ಹೊಸಬರು ಅವನ್ನು ಓದಲು ಕೂರುತ್ತಾರೆ. ಅದರ ಪಕ್ಕದಲ್ಲಿ ಆರು ಸೆಕೆಂಡಿನ ನಂತರ ವೇಗ ಎಷ್ಟಿರುತ್ತದೆ ಎಂದು ತೋರಿಸುವ ಒಂದು ಗೆರೆಯೂ ಇದೆ. ಪಳಗಿದವರಿಗೆ ಅದು ವರ. ಹೊಸಬರು ಮಾತ್ರ ಅದನ್ನು ಬೆನ್ನಟ್ಟಿ, ಮೂಗನ್ನು ಏರಿಸಿ ಇಳಿಸಿ ಏರಿಸಿ, ಪಕ್ಕದಲ್ಲಿ ಕೂತ ನನ್ನ ಹೊಟ್ಟೆಯನ್ನೂ ತೊಳಸುತ್ತಾರೆ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಇದೇ ವಿಷಯವಾಗಿ ಒಂದು ಅಧ್ಯಯನ ಪ್ರಕಟಿಸಿತು. 2002ರಿಂದ 2006ರವರೆಗೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿದಾಗ, ಪರದೆಯ ವಿಮಾನಗಳಲ್ಲಿ ಒಟ್ಟು ಅಪಘಾತಗಳ ದರ ಕಡಿಮೆ, ಆದರೆ ಸಾವು ಸಂಭವಿಸಿದ ಅಪಘಾತಗಳ ದರ ಹೆಚ್ಚು ಎಂದು ಕಂಡುಬಂತು. ಇದಕ್ಕೆ ಪರದೆಯನ್ನಷ್ಟೇ ದೂರುವಂತಿಲ್ಲ: ಅಂಥ ವಿಮಾನಗಳಲ್ಲಿ ಜನ ಹೆಚ್ಚು ದೂರ, ಹೆಚ್ಚು ಸಲ ಮಾಪಕಗಳನ್ನೇ ನಂಬಿ ಹಾರುತ್ತಿದ್ದರು. ಮಂಡಳಿ ಬೊಟ್ಟು ಮಾಡಿದ್ದು ತರಬೇತಿಯ ಕಡೆಗೆ. ನನಗೂ ಅದೇ ಸರಿ ಎನಿಸುತ್ತದೆ.

ಪರದೆ ಎಷ್ಟೇ ಹೊಸದಾಗಿದ್ದರೂ ವೇಗ ಅಳೆಯಲು ಬೇಕಾದ ಗಾಳಿ ಒಳಗೆ ಬರುವುದು ವಿಮಾನದ ಹೊರಗಿರುವ ಅದೇ ಹಳೆಯ ಪಿಟೋಟ್ ಕೊಳವೆಯಿಂದ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ 447ರ ಪಿಟೋಟ್ ಕೊಳವೆಗಳು ಮಂಜುಗಡ್ಡೆಯ ಹರಳುಗಳಿಂದ ಕಟ್ಟಿಕೊಂಡವು, ವೇಗದ ಅಂಕಿಗಳು ತಪ್ಪಿದವು, ಆಟೊಪೈಲಟ್ ಕಳಚಿಕೊಂಡಿತು. ಏರ್‌ಬಸ್ ಎ330ರಂಥ ಆಧುನಿಕ ವಿಮಾನದಲ್ಲಿ, ಮೂವರು ತರಬೇತಾದ ಪೈಲಟ್‌ಗಳಿದ್ದೂ 228 ಜನ ಸತ್ತರು. ಆ ಎತ್ತರದಲ್ಲಿ ಮೂಗು ಇಷ್ಟು ಮೇಲೆ, ಎಂಜಿನ್ ಶಕ್ತಿ ಇಷ್ಟು ಎಂದು ಇಟ್ಟರೆ ವೇಗ ತಾನಾಗಿ ಸರಿಯಾಗಿರುತ್ತದೆ. ಈ ಪಾಠವನ್ನು ಮುಳ್ಳಿನ ವಿಮಾನದಲ್ಲಿಯೂ ಕಲಿಸಬಹುದು, ಪರದೆಯದರಲ್ಲಿಯೂ ಕಲಿಸಬಹುದು. ಎರಡರಲ್ಲೂ ಕಲಿಸದೇ ಬಿಡುವ ಬೋಧಕರಿದ್ದಾರೆ ಎಂಬುದು ಬೇಸರದ ಸಂಗತಿ.

ಮೊದಲ ಪಾಠಗಳಲ್ಲಂತೂ ನೀವು ಎರಡನ್ನೂ ನೋಡಬಾರದು. ಕಿಟಕಿಯಾಚೆ ದಿಗಂತ ಎಂಜಿನ್ ಮುಚ್ಚಳಕ್ಕೆ ಎಷ್ಟು ಮೇಲೆ ಕಾಣುತ್ತದೆ ಎಂಬುದೇ ನಿಮ್ಮ ಮುಖ್ಯ ಮಾಪಕ. ಒಳಗೆ ಒಂದು ಕ್ಷಣದ ನೋಟ, ಮತ್ತೆ ಹೊರಗೆ. ನಾನು ಕಲಿಸುವಾಗ ಪರದೆಯ ಹೊಳಪನ್ನು ಪೂರ್ತಿ ಇಳಿಸಿಬಿಡುತ್ತೇನೆ; ಮೇಲೋ ಕೆಳಗೋ ಇರುವ ಸಣ್ಣ ತುರ್ತು ಮಾಪಕಗಳೇ ಸಾಕಾಗುತ್ತವೆ. ದುಂಡು ಮಾಪಕಗಳ ಮೇಲೆ ಕಾಗದ ಅಂಟಿಸುತ್ತೇನೆ. ಹೊರಗೆ ನೋಡಬೇಕು ಎಂಬುದರಷ್ಟೇ ಮುಖ್ಯ, ಹೊರಗೆ ಕಾಣದಿದ್ದಾಗ ಮೈಯ ಮಾತನ್ನು ನಂಬಬಾರದು ಎಂಬುದು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾಪಕ ನೋಡಿ ಹಾರಿ ಅಭ್ಯಾಸವಿಲ್ಲದ ಇಪ್ಪತ್ತು ಜನರನ್ನು ಮೋಡದೊಳಗಿನಂಥ ಸ್ಥಿತಿಗೆ ಒಡ್ಡಿದಾಗ, ಹಿಡಿತ ತಪ್ಪಲು ಹಿಡಿದ ಸರಾಸರಿ ಸಮಯ 178 ಸೆಕೆಂಡು.

ಇನ್ನು ನೇರ ಉತ್ತರ. ಎರಡು ಶಾಲೆಗಳೂ ಉಳಿದೆಲ್ಲದರಲ್ಲಿ ಸಮನಾಗಿದ್ದರೆ, ಒಂಟಿಯಾಗಿ ಹಾರುವವರೆಗೆ ಮುಳ್ಳುಗಳಲ್ಲಿ ಕಲಿತು, ಆಮೇಲೆ ಪರದೆಗೆ ಹೋಗಿ. ಮುಳ್ಳಿನಿಂದ ಪರದೆಗೆ ಹೋಗುವವರಿಗೆ ಕಷ್ಟವಾಗುವುದು ಗುಂಡಿಗಳು ಮತ್ತು ಪುಟಗಳು ಮಾತ್ರ, ಅದನ್ನು ನೆಲದ ಮೇಲೆ ಸಿಮ್ಯುಲೇಟರ್‌ನಲ್ಲಿ ಕಲಿಯಬಹುದು. ಪರದೆಯಿಂದ ಮುಳ್ಳಿಗೆ ಬರುವವರು ಕಣ್ಣನ್ನೇ ಹೊಸದಾಗಿ ಪಳಗಿಸಬೇಕಾಗುತ್ತದೆ. ಆದರೆ ವಿಮಾನಯಾನ ಸಂಸ್ಥೆಯಲ್ಲಿ ಕೆಲಸ ಮಾಡುವುದೇ ಗುರಿಯಾಗಿದ್ದರೆ ಅಥವಾ ಪರದೆಯ ಶಾಲೆಯ ಬೋಧಕ ಹೆಚ್ಚು ಚೆನ್ನಾಗಿ ಕಲಿಸುವವರಾಗಿದ್ದರೆ, ಹಿಂದೆ ಮುಂದೆ ನೋಡದೆ ಅಲ್ಲಿಗೇ ಸೇರಿ.

ಸೇರುವ ಮುನ್ನ ಎರಡೂ ಕಡೆ ಒಂದೊಂದು ಪರಿಚಯ ಹಾರಾಟ ಮಾಡಿ. ಅರ್ಧ ದಾರಿಯಲ್ಲಿ ‘ಮಾಪಕಗಳನ್ನು ಮುಚ್ಚಿ ಹಾರಲು ಯಾವಾಗ ಕಲಿಸುತ್ತೀರಿ?’ ಎಂದು ಕೇಳಿ. ‘ಈಗಲೇ’ ಎಂದು ಕೈ ಚಾಚುವ ಬೋಧಕ ಎಲ್ಲಿದ್ದಾರೋ ಆ ಶಾಲೆಗೆ ಶುಲ್ಕ ಕಟ್ಟಿ.