ರಜೆಗೆ ಕಳಿಸಲು ಒಪ್ಪಿದ್ದು ಇಲ್ಲೇ ಇರಿಸಲು ಒಪ್ಪಿದಂತಲ್ಲ

ಮಗಳನ್ನು ಕರೆದುಕೊಂಡು ಇಂಗ್ಲೆಂಡಿನಿಂದ ಕಾಸರಗೋಡಿನ ಬದಿಯಡ್ಕದ ತವರಿಗೆ ರಜೆಗೆ ಬಂದ ತಂಗಿ ಈಗ ವಾಪಸ್ ಹೋಗಲ್ಲ ಅನ್ನುತ್ತಾಳೆ, ಅವಳ ಗಂಡ ಸಹಿ ಹಾಕಿದ ಒಪ್ಪಿಗೆ ಪತ್ರ ಇದೆ, ಅಷ್ಟು ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ನಾನು ವಿದ್ಯಾನಗರದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಇಂಥ ಪತ್ರಗಳನ್ನು ನೋಡಿದ್ದೇನೆ. ಅದನ್ನು ಇನ್ನೊಮ್ಮೆ ಓದಿ. ಹೋಗುವ ತಾರೀಕು, ಬರುವ ತಾರೀಕು, ವಿಮಾನದ ನಂಬರ್, ಕೆಳಗೆ ಸಹಿ, ಅಷ್ಟೇ ಇರುತ್ತದೆ. ಅದು ಏರ್‌ಪೋರ್ಟಿನಲ್ಲಿ ತೋರಿಸಲು ಕೊಟ್ಟ ಪತ್ರ. ಬರುವ ತಾರೀಕು ದಾಟಿದ ಮೇಲೆ ಆ ಒಪ್ಪಿಗೆಗೆ ಬೆಲೆ ಇಲ್ಲ.

ಅಪ್ಪ ಅಥವಾ ಅಮ್ಮ ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸ್ ಕಳಿಸುವ ಬಗ್ಗೆ ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದದಲ್ಲಿ ಮಗುವನ್ನು ಕದ್ದು ಕರೆದೊಯ್ಯುವುದು ಮಾತ್ರ ತಪ್ಪಲ್ಲ, ಹೇಳಿದ ದಿನಕ್ಕೆ ವಾಪಸ್ ಕಳಿಸದೆ ಇರಿಸಿಕೊಳ್ಳುವುದೂ ತಪ್ಪೇ. ಇನ್ನೊಬ್ಬರು ಮೊದಲೇ ಒಪ್ಪಿದ್ದರು ಅಥವಾ ಆಮೇಲೆ ಒಪ್ಪಿಕೊಂಡರು ಅಂತ 13ನೇ ವಿಧಿಯಲ್ಲಿ ವಾದಿಸಬಹುದು, ಆದರೆ ಹಾಗೆ ಹೇಳುವವರೇ ಸಾಬೀತು ಮಾಡಬೇಕು. ಸಾಬೀತಾದರೂ ಮಗುವನ್ನು ವಾಪಸ್ ಕಳಿಸುವ ಅಧಿಕಾರ ಜಡ್ಜ್‌ಗೆ ಇದ್ದೇ ಇರುತ್ತದೆ.

ಊರಿನ ಹಿರಿಯರು ಪಂಚಾಯಿತಿ ಮಾಡಿದಾಗ ಭಾವ, ಅಂದರೆ ತಂಗಿಯ ಗಂಡ, ಫೋನಿನಲ್ಲಿ ಸುಮ್ನೆ ಕೇಳಿಕೊಂಡ, ಅಂದರೆ ಒಪ್ಪಿದ ಹಾಗೆ ಅಂತಲೂ ಬರೆದಿದ್ದೀರಿ. ಅದನ್ನು ನಂಬಿ ಕೂರಬೇಡಿ. ಇಸ್ರೇಲಿನಿಂದ ತಾಯಿ ಮಕ್ಕಳನ್ನು ಇಂಗ್ಲೆಂಡಿಗೆ ಕರೆತಂದಿದ್ದ ಒಂದು ಕೇಸಿನಲ್ಲಿ ತಂದೆ ಮೊದಲು ಹೋದದ್ದು ತಮ್ಮ ಧರ್ಮದ ನ್ಯಾಯಪೀಠಕ್ಕೆ, ಹೇಗ್ ಅರ್ಜಿ ಹಾಕಿದ್ದು ಆಮೇಲೆ. ಹಾಗಂತ ಆತ ಒಪ್ಪಿಕೊಂಡ ಅಂತ ಆಗುವುದಿಲ್ಲ, ಆತನ ಮನಸ್ಸಿನಲ್ಲಿ ನಿಜವಾಗಿ ಏನಿತ್ತು ಅನ್ನುವುದೇ ಮುಖ್ಯ ಅಂತ 1997ರಲ್ಲಿ ಆಗ ಅಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಜಗಳದ ಸಿಟ್ಟಿನಲ್ಲಿ ‘ಅಲ್ಲೇ ಸಾಯಿ, ಬರಬೇಡ’ ಅಂತ ಕಳಿಸಿದ ವಾಟ್ಸಾಪ್ ಮೆಸೇಜೂ ಒಪ್ಪಿಗೆ ಅನಿಸಿಕೊಳ್ಳುವುದು ಕಷ್ಟ.

ಭಾರತ ಈ ಒಪ್ಪಂದಕ್ಕೆ ಸೇರಿಲ್ಲ, ಹಾಗಾಗಿ ಭಾವ ಇಲ್ಲಿ ಹೇಗ್ ಅರ್ಜಿ ಹಾಕಲಾರ. ಆದರೆ ಅಲ್ಲಿನ ಕೋರ್ಟಿನಿಂದ ಆದೇಶ ತಂದು ಎರ್ನಾಕುಳಂನ ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ, ಹಾಕಬಹುದು. ಆಗ ಕೋರ್ಟು ಮುಖ್ಯವಾಗಿ ನೋಡುವುದು ಮಗುವಿನ ಹಿತ. ಇಂಗ್ಲೆಂಡಿನಿಂದ ಬಂದ ತಾಯಿಯೊಬ್ಬರ ಕೇಸಿನಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್, ವಿದೇಶಿ ಆದೇಶ ಪರಿಗಣಿಸಬೇಕಾದ ಒಂದು ಅಂಶ ಮಾತ್ರ ಅಂದು ಮಗಳನ್ನು ತಾಯಿಯ ಬಳಿಯೇ ಬಿಟ್ಟಿತು. 2020ರಲ್ಲಿ ಇನ್ನೊಂದು ಕೇಸಿನಲ್ಲಿ ಅದೇ ಕೋರ್ಟು ಮಗು ಅಮೆರಿಕಕ್ಕೆ ವಾಪಸ್ ಹೋಗಲಿ ಅಂದಿತು. ಅಲ್ಲಿಗೆ ಹೋಗಲು ತಂಗಿಗೆ ಹೆದರಿಕೆ ಇದ್ದರೆ, ಹೊಡೆತ ಬಡಿತ ನಡೆದಿದ್ದರೆ, ಮುಚ್ಚಿಡದೆ ವಕೀಲರಿಗೆ ಮೊದಲೇ ಹೇಳಲಿ. ಅದು ತುಂಬಾ ಮುಖ್ಯ.

ಭಾವ ನಿಜಕ್ಕೂ ಒಪ್ಪುವುದಾದರೆ ಹೊಸದಾಗಿ ಬರೆಸಿ. ಮಗು ಇನ್ನು ಮುಂದೆ ಕಾಸರಗೋಡಿನಲ್ಲೇ ಇರುತ್ತದೆ, ಇಂಥ ಶಾಲೆಗೆ ಹೋಗುತ್ತದೆ, ತಂದೆ ಯಾವಾಗ ನೋಡಬಹುದು, ಎಲ್ಲವೂ ಬಿಡಿಸಿ ಇರಲಿ. ಆತನಿಗೆ ಓದಲು ಬಾರದ ಮಲಯಾಳಂ ಸ್ಟಾಂಪ್ ಪೇಪರಿಗೆ ಸಹಿ ಹಾಕಿಸಿಕೊಂಡರೆ ನಾಳೆ ಆತ ತಿರುಗಿ ಬೀಳುತ್ತಾನೆ. ಒಪ್ಪದಿದ್ದರೆ ತಡಮಾಡದೆ ಎರಡೂ ಕಡೆ ವಕೀಲರನ್ನು ನೋಡಿ. ಅಲ್ಲಿಯವರೆಗೆ ಹಳೆ ಮೆಸೇಜ್ ಒಂದನ್ನೂ ಅಳಿಸಬೇಡಿ, ಮಗು ಅಪ್ಪನ ಜೊತೆ ವಿಡಿಯೋ ಕಾಲ್ ಮಾಡುವುದನ್ನು ನಿಲ್ಲಿಸಬೇಡಿ.