ಮೊದಲು ಕೇಳಿ, ಆಮೇಲೆ ಹೊಲಿಯಿರಿ

ಪ್ರಿಯ ಸೋದರಿ,

ಗದಗ ಜಿಲ್ಲೆಯಿಂದ ನೀವು ಬರೆದ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ಲ, ಅದಕ್ಕಾಗಿ ಸಾರವನ್ನಷ್ಟೇ ಹೇಳಿಬಿಡುತ್ತೇನೆ. ರೊಟ್ಟಿ, ಬುತ್ತಿ, ಮುಸುರೆ ಎಲ್ಲ ಮುಗಿದ ಮೇಲೆ ಮಕ್ಕಳು ಶಾಲೆಯಿಂದ ಬರುವ ತನಕದ ಹೊತ್ತು ನಿಮ್ಮದು. ಆಗ ಹಳೆಯ ಪತ್ತಲ, ಧೋತ್ರ ಕೂಡಿಸಿ ಕೌದಿ ಹೊಲಿಯುತ್ತೀರಿ, ಉಲ್ಲನ್ನಿನಲ್ಲಿ ಕೂಸುಗಳಿಗೆ ಟೊಪ್ಪಿಗೆ ಹೆಣೆಯುತ್ತೀರಿ. ಹೋದ ಚಳಿಗಾಲ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಪುಟ್ಟ ಕೌದಿಗಳನ್ನೂ ಟೊಪ್ಪಿಗೆಗಳನ್ನೂ ಗಂಟು ಕಟ್ಟಿ ಒಯ್ದು ಕೊಟ್ಟಿರಿ. ಕೆಲವು ದಿನ ಬಿಟ್ಟು ಹೋದಾಗ ಆ ಗಂಟು ಬಿಚ್ಚದೆ ಕಪಾಟಿನ ಮೇಲೆ ಕೂತಿತ್ತು. ಮನೆಯವರು, ‘ಮಾರಿದ್ರ ನಾಕು ರೊಕ್ಕರ ಬರ್ತಿದ್ವು’ ಅಂದರು. ಅತ್ತೆಯವರು, ‘ದಾನಕ್ಕ ಕೊಡೂದು ಇಷ್ಟ್ಯಾಕ ಚಂದ ಹೊಲೀಬೇಕವಾ’ ಅಂದರು. ‘ನಾ ಮಾಡೂದು ಸೇವಾನೋ, ಬರೇ ಹೊತ್ತ ಕಳಿಯೂದೋ ಹೇಳ್ರಿ’ ಎಂದು ನನ್ನನ್ನು ಕೇಳಿದ್ದೀರಿ.

ಸೇವೆಯೇ. ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾರಿಗಾಗಿ ಹೊಲಿದಿರೋ ಅವರನ್ನು ಮೊದಲು ಒಂದು ಮಾತು ಕೇಳಲಿಲ್ಲ. ಅಳತೆ ತೆಗೆದುಕೊಳ್ಳದೆ ದರ್ಜಿ ರವಿಕೆಗೆ ಕತ್ತರಿ ಹಾಕುವುದಿಲ್ಲ. ಕೊಡುವುದಕ್ಕೆಂದು ಹೊಲಿಯುವಾಗ ಮಾತ್ರ ನಮ್ಮಲ್ಲಿ ಹೆಚ್ಚಿನವರು ಅಳತೆ ಕೇಳುವುದನ್ನು ಮರೆಯುತ್ತಾರೆ.

ಆ ವಾರ್ಡಿನ ಸಿಸ್ಟರ್ ಮೇಲೆ ನೀವು ಬೇಸರ ಮಾಡಿಕೊಂಡಿದ್ದೀರಿ. ಅವರ ಕಡೆಯಿಂದಲೂ ನೋಡೋಣ. ವರ್ಷ ತುಂಬದ ಕೂಸು ಮಲಗಿದಾಗ ಸಡಿಲವಾದ, ದಪ್ಪ ಹೊದಿಕೆ ಬೇಡವೇ ಬೇಡ ಅನ್ನುತ್ತಾರೆ ಮಕ್ಕಳ ವೈದ್ಯರು. ಅದು ಮುಖದ ಮೇಲೆ ಸರಿದರೆ ತೆಗೆದುಕೊಳ್ಳುವ ಶಕ್ತಿ ಕೂಸಿಗಿರುವುದಿಲ್ಲ, ಉಸಿರು ಕಟ್ಟಬಹುದು. ಹೀಗಾಗಿ ನಿಮ್ಮ ಕೌದಿ ಎಷ್ಟೇ ಚಂದವಿದ್ದರೂ ಆ ವಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ಇನ್ನು ಟೊಪ್ಪಿಗೆ. ಪೇಟೆಯಲ್ಲಿ ಉಲ್ಲನ್ ಎಂದು ಮಾರುವ ದಾರ ಬಹುಪಾಲು ಅಕ್ರಿಲಿಕ್. ಆಸ್ಪತ್ರೆಯಲ್ಲಿ ಬಟ್ಟೆಗೆ ಬಿಸಿನೀರು, ಕಾವು ತೋರಿಸಲೇಬೇಕು, ಆ ಕಾವಿಗೆ ಅಕ್ರಿಲಿಕ್ ಆಕಾರ ಕಳೆದುಕೊಳ್ಳುತ್ತದೆ. ನೆತ್ತಿಯ ಮೇಲೆ ಗೊಂಡೆ, ಬದಿಗೆ ಮಣಿ ಇಟ್ಟಿದ್ದೆ ಎಂದು ಪ್ರೀತಿಯಿಂದ ಬರೆದಿದ್ದೀರಿ. ಕಿತ್ತು ಬಾಯಿಗೆ ಹೋಗುವಂಥ ಏನನ್ನೂ ಎಳೆಗೂಸಿನ ಹತ್ತಿರ ಇಡುವ ಹಾಗಿಲ್ಲ.

ಇಷ್ಟೆಲ್ಲ ಹೇಳಿದ್ದು ಟೊಪ್ಪಿಗೆಯ ಕೆಲಸ ಬಿಡಿ ಎಂದಲ್ಲ. ಅದಕ್ಕೆ ನಿಜವಾದ ಬೇಡಿಕೆಯಿದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು, ಎರಡೂವರೆ ಕಿಲೋಗಿಂತ ಕಡಿಮೆ ತೂಕದವನ್ನು, ತಾಯಿಯ ಎದೆಗೆ ಬರಿಮೈಯಲ್ಲಿ ಅವಚಿಟ್ಟು ಬೆಚ್ಚಗಿಡುತ್ತಾರೆ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದ ಆಸ್ಪತ್ರೆಯೊಂದರಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಶುರು ಮಾಡಿದ ಕ್ರಮ ಇದು. ಹುಟ್ಟಿದ ಕೂಡಲೇ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಹೀಗೆ ಇರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆಗ ಕೂಸಿನ ಮೈಮೇಲೆ ಇರುವುದು ಒಂದು ಲಂಗೋಟಿ, ಕಾಲುಚೀಲ, ತಲೆಗೊಂದು ಟೊಪ್ಪಿಗೆ, ಅಷ್ಟೇ. ಎಳೆಗೂಸಿನ ಮೈಯ ಲೆಕ್ಕಕ್ಕೆ ತಲೆಯೇ ದೊಡ್ಡದು, ಮೈ ಕಾವು ಅಲ್ಲಿಂದ ಬೇಗ ಆರುತ್ತದೆ. ನಮ್ಮ ಹಿರಿಯರು ಬಾಣಂತನಕ್ಕೆ ಕುಂಚಿಗೆ, ಕುಲಾವಿ ಮೊದಲೇ ಹೊಲಿದಿಡುತ್ತಿದ್ದರಲ್ಲ, ಆ ತಿಳಿವಳಿಕೆ ಸುಮ್ಮನೆ ಬಂದದ್ದಲ್ಲ.

ಆದ್ದರಿಂದ ಈ ಸಲ ಗಂಟು ಒಯ್ಯಬೇಡಿ, ಬರಿಗೈಲಿ ಹೋಗಿ. ನವಜಾತ ಶಿಶು ಘಟಕದ ಸಿಸ್ಟರನ್ನು ಕಂಡು ಯಾವ ದಾರ ಆಗುತ್ತದೆ, ಎಷ್ಟು ದೊಡ್ಡದಿರಬೇಕು, ನೀವೇ ತೊಳೆದು ಕೊಡಬೇಕೋ ಅವರೇ ತೊಳೆಯುತ್ತಾರೋ ಕೇಳಿಕೊಂಡು ಬನ್ನಿ. ಮೆತ್ತನೆಯ ಹತ್ತಿ ದಾರ ಹೇಳುವ ಸಂಭವವೇ ಹೆಚ್ಚು. ಕಾಲುಚೀಲ ಹೆಣೆಯುವುದಾದರೆ ಒಳಗೆ ಒಂದು ಎಳೆಯೂ ಸಡಿಲ ಬಿಡಬೇಡಿ. ಅದು ಕೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡುವುದು ನಿಂತೀತು, ಅತ್ತರೆ ಯಾಕೆಂದು ಯಾರಿಗೂ ಹೊಳೆಯದು. ಕಸೂತಿಯೂ ಬರುತ್ತದೆ ಎಂದಿದ್ದೀರಿ. ಹಾಗಿದ್ದರೆ ಗವಂತಿ, ಮುರಗಿ ಹೊಲಿಗೆ ಹಾಕುವಾಗ ಗಂಟು ಹಾಕದೆ ಅರಿವೆಯ ಎರಡೂ ಮಗ್ಗುಲು ಒಂದೇ ಥರ ಕಾಣಿಸುವ ಶಿಸ್ತು ನಿಮ್ಮ ಬೆರಳಿಗೆ ಇದ್ದೇ ಇದೆ. ಕೂಸಿನ ಟೊಪ್ಪಿಗೆಯ ಒಳಮಗ್ಗುಲಿಗೂ ಅದೇ ಶಿಸ್ತು ಬೇಕು.

ಇನ್ನು ಅತ್ತೆಯವರ ಮಾತು. ಹಿರಿಯರು, ಕೆಟ್ಟ ಮನಸ್ಸಿನಿಂದ ಅಂದಿರಲಾರರು. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಿಚಿದ ಬಣ್ಣದ ಚೂರುಗಳನ್ನು ಹೂವಿನಂತೆ ಕೂರಿಸುತ್ತಾರೆ. ಆ ಹೂವು ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಹೂವಿನಿಂದ ಚಳಿ ಕಡಿಮೆಯಾಗುವುದಿಲ್ಲ, ನಿಜ. ಆದರೆ ಕೈಯಲ್ಲಿ ಕಾಸಿಲ್ಲದ ಮನೆಗಳಲ್ಲಿ, ಹರಕು ಬಟ್ಟೆಯಲ್ಲೇ ಹುಟ್ಟಿದ ಈ ಕಸುಬು ಹೂವನ್ನು ಬಿಡಲಿಲ್ಲ. ವೃದ್ಧಾಶ್ರಮದ ಅಜ್ಜಿಗೆ ಕೊಡುವ ಕೌದಿಗೂ ನಾಲ್ಕು ಮೂಲೆಗಳಿವೆ. ನೀವು ಚಂದವಾಗಿಯೇ ಹೊಲಿಯಿರಿ.

ಕೊಡುವುದೆಂದರೆ ಮಿಕ್ಕಿದ್ದನ್ನು ಸಾಗಹಾಕುವುದು ಎಂದು ತಿಳಿದರೆ ಏನಾಗುತ್ತದೆ ಎನ್ನುವುದನ್ನು 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಕಂಡಿದ್ದೇವೆ. ಲಾರಿಗಟ್ಟಲೆ ಬಂದ ಹಳೇ ಬಟ್ಟೆ ಯಾರಿಗೂ ಬೇಡವಾಗಿ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಅದನ್ನು ಆರಿಸಿ, ವಿಂಗಡಿಸಿ ಬಳಕೆಗೆ ತರುವ ಕೆಲಸಕ್ಕೆ ಕೈಹಾಕಿದ್ದು ಗೂಂಜ್ ಸಂಸ್ಥೆ. ಅಂಶು ಗುಪ್ತಾ ಅವರು 1999ರಲ್ಲಿ ಕಟ್ಟಿದ ಈ ಸಂಸ್ಥೆ ಹಳ್ಳಿಯವರಿಗೆ ಬಟ್ಟೆಯನ್ನು ಭಿಕ್ಷೆಯಾಗಿ ಕೊಡುವುದಿಲ್ಲ. ಅವರು ಬಾವಿ ತೋಡುತ್ತಾರೆ, ದಾರಿ ಕಟ್ಟುತ್ತಾರೆ, ಆ ದುಡಿಮೆಗೆ ಗೌರವವಾಗಿ ಬಟ್ಟೆ ಪಡೆಯುತ್ತಾರೆ. ತೊಡಲು ಬಾರದ ಹತ್ತಿ ಬಟ್ಟೆಯನ್ನು ಸಂಸ್ಥೆಯವರು ಶುಚಿಗೊಳಿಸಿ ಮುಟ್ಟಿನ ಬಟ್ಟೆ ಮಾಡುತ್ತಾರೆ. ಎಲ್ಲದಕ್ಕೂ ಮೊದಲು, ಯಾರಿಗೆ ಏನು ಬೇಕು ಎಂದು ವಿಚಾರಿಸುತ್ತಾರೆ.

ನಿಮ್ಮದೇ ಜಿಲ್ಲೆಯ ನರಗುಂದ, ರೋಣದ ಮಲಪ್ರಭಾ ದಂಡೆಯ ಊರುಗಳಿಗೆ 2019ರ ಆಗಸ್ಟ್‌ನಲ್ಲಿ ನೀರು ನುಗ್ಗಿದ್ದು ನಿಮಗೆ ನೆನಪಿರಬೇಕು. ಅಂಥ ಹೊತ್ತಿನಲ್ಲಿ ನಾಲ್ಕೈದು ಪದರದ ಕೌದಿ ತೊಯ್ದರೆ ವಾರವಾದರೂ ಆರದು, ಮುಗ್ಗಲು ನಾರುತ್ತದೆ. ಎರಡೇ ಪದರದ ತೆಳ್ಳನೆಯದು ಉಪಯೋಗಕ್ಕೆ ಬರುತ್ತದೆ. ಹಾಸಿಗೆ ಹಿಡಿದ ವೃದ್ಧರಿಗೂ ತೆಳುವೇ ಸರಿ, ದಿನಾ ಒಗೆಯಬೇಕಾಗುತ್ತದಲ್ಲ. ದಪ್ಪ ಕೌದಿ ಬೇಕಾದವರು ನೆಲದ ಮೇಲೆ ಮಲಗುವವರು. ಯಾವುದಾದರೂ ವಸತಿನಿಲಯದ ವಾರ್ಡನ್ನರನ್ನು ಕೇಳಿ ನೋಡಿ.

ಮನೆಯವರ ಮಾತಿನಲ್ಲಿ ಸತ್ಯವಿದೆ. ಸೂಜಿ, ದಾರಕ್ಕೆ ರೊಕ್ಕ ಬೇಕು, ಆ ರೊಕ್ಕ ಮನೆ ಖರ್ಚಿನಿಂದಲೇ ಹೋಗುತ್ತಿದೆ. ಹಾಗಾಗಿ ಕೆಲವನ್ನು ಮಾರಿ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮಾರಿದ್ದರಿಂದ ಕೊಡುವುದಕ್ಕೆ ದಾರ ಬಂದರೆ ಯಾರ ಮುಂದೆಯೂ ಕೈಚಾಚದೆ ಕೆಲಸ ನಡೆಯುತ್ತದೆ. ಆದರೆ ‘ಹಳೇ ಅರಿವೆ ಅಲ್ಲೇನು’ ಎಂದು ಬೆಲೆ ಇಳಿಸಬೇಡಿ. ಓಣಿ ಓಣಿ ತಿರುಗಿ ಕೌದಿ ಹೊಲಿದುಕೊಟ್ಟು ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳು ನಿಮ್ಮ ಭಾಗದಲ್ಲಿ ಇದ್ದಾರೆ. ಮನೆಯ ಆಸರೆಯಿರುವ ನೀವು ಅಗ್ಗಕ್ಕೆ ಕೊಟ್ಟರೆ ಅವರ ಕೂಲಿಯೂ ಇಳಿಯುತ್ತದೆ. ಅವರು ಎಷ್ಟು ಕೇಳುತ್ತಾರೆ ಎಂದು ತಿಳಿದುಕೊಂಡು ಅದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಮಾಡದಿರಿ.

ಮಗಳು ಸೂಜಿ ಪೋಣಿಸಿಕೊಡುತ್ತಾಳೆ, ಮಗ ಅತ್ತ ಸುಳಿಯುವುದಿಲ್ಲ ಎಂದಿದ್ದೀರಿ. ಅವನನ್ನೂ ಕೂರಿಸಿಕೊಳ್ಳಿ. ಅಂಗಿಯ ಗುಂಡಿ ಹಚ್ಚಿಕೊಳ್ಳುವುದಾದರೂ ಅವನಿಗೆ ಬರಲಿ.

ಪತ್ರದ ಕಡೆಗೆ, ಅತ್ತೆಯವರ ಹಳೆಯ ಇಳಕಲ್ ಸೀರೆಯನ್ನು ಕೌದಿಗೆ ಹಾಕಬಹುದೇ ಎಂದು ಕೇಳಿದ್ದೀರಿ. ಅದರ ಒಡಲು ಹತ್ತಿಯದಾಗಿ ಸೆರಗು ರೇಷ್ಮೆಯದಾಗಿದ್ದರೆ ಎರಡನ್ನೂ ಒಂದೇ ಪದರದಲ್ಲಿ ಹೊಲಿಯಬೇಡಿ, ಒಗೆದಾಗ ಒಂದೊಂದು ಒಂದೊಂದು ಥರ ಕುಗ್ಗಿ ಕೌದಿ ಸುಕ್ಕುಗಟ್ಟುತ್ತದೆ. ಸೆರಗನ್ನು ಬೇರೆ ಮಾಡಿ ಎತ್ತಿಟ್ಟು ಒಡಲನ್ನು ಒಳಪದರಕ್ಕೆ ಹಾಕಿ. ಆದರೆ ಕತ್ತರಿ ಎತ್ತಿಕೊಳ್ಳುವ ಮುಂಚೆ ಅತ್ತೆಯವರನ್ನು ಕೇಳಿ. ಬೇಡ ಅಂದರೆ ಸೀರೆ ಟ್ರಂಕಿನಲ್ಲೇ ಇರಲಿ.

— ಸಂಪಾದಕ